ಕ್ಲಚ್ಚಿಲ್ಲದ ಕಾರು, ಮಡಚದ ಕಾಲು

ನನ್ನ ಎಡಗಾಲು ಮಂಡಿಯಲ್ಲಿ ಮಡಚುವುದಿಲ್ಲ. ಆರನೆಯ ವಯಸ್ಸಿನಲ್ಲಿ ಬಂದ ಒಂದು ಜ್ವರ, ಹೋಗುವಾಗ ಆ ಕಾಲಿನ ಬಾಗುವ ಗುಣವನ್ನು ತನ್ನ ಜೊತೆ ಒಯ್ದಿತು. ಅಂದಿನಿಂದ ಅದು ಯಾರಿಗೂ ಬಾಗದೆ ಸ್ವಾಭಿಮಾನದಿಂದ ಬದುಕಿದೆ. ಉಳಿದ ಶರೀರ ವಕೀಲಿ ವೃತ್ತಿಗೆ ಸೇರಿತು. ಅದಕ್ಕೆ ಆ ಅನುಕೂಲ ಸಿಗಲಿಲ್ಲ.

ಮನೆ ಗಂಗಾವತಿಯಲ್ಲಿ. ಕೆಲಸ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಕೋರ್ಟು ಕಚೇರಿಗಳಲ್ಲಿ. ಬಸ್ಸು ಬಂತೆಂದರೆ ಕಂಡಕ್ಟರ್ ಮೇಲಿನಿಂದ ರಟ್ಟೆ ಹಿಡಿದು ಎಳೆಯುವನು, ಕೆಳಗಿನಿಂದ ಯಾರೋ ಪುಣ್ಯಾತ್ಮ ನೂಕುವನು; ಹೀಗೆ ಕಕ್ಷಿದಾರರ ಕಣ್ಣೆದುರೇ ಅವರ ವಕೀಲ ಜೋಳದ ಚೀಲದಂತೆ ಬಸ್ಸು ಹತ್ತುತ್ತಿದ್ದ. ಅಣ್ಣನ ಬಳಿ ಜೀಪಿತ್ತು. ಕಾಲುವೆ ನೀರಿನ ಭತ್ತ ಬೆಳೆಯುವ ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ನಾಲ್ಕು ವರ್ಷ ನನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಒಯ್ದವನು. ಶಾಲೆ ಮುಗಿದರೂ ಅವನಿಗೆ ಹೊರುವ ಚಟ ಹೋಗಿರಲಿಲ್ಲ. "ನಾ ಬಿಟ್ಟು ಬರ್ತೀನಿ ನಡಿ" ಎನ್ನುವನು, ಇಲ್ಲವೆ "ಡ್ರೈವರ್ ಇಡ್ತೀನಿ" ಎನ್ನುವನು. ನನಗೆ ಬೇಕಾಗಿದ್ದು ಒಂದೇ: ಯಾರೂ ಹೊರದೆ, ಯಾರೂ ನೂಕದೆ, ನಾನೇ ಹೋಗಿ ನಾನೇ ಬರುವುದು. ಆದರೆ ಕಾರು ಮಾಡುವವರೆಲ್ಲ ಕ್ಲಚ್ಚನ್ನು ಎಡಗಾಲಿಗೇ ಇಟ್ಟಿದ್ದರು. ಅವರಿಗೂ ನನಗೂ ಮೊದಲಿನಿಂದ ಹಗೆ ಏನೂ ಇರಲಿಲ್ಲ.

ಎಪ್ಪತ್ತರ ದಶಕದ ನಡುವೆ ಹೈದರಾಬಾದಿನ ಒಂದು ಹಳೆಯ ಜಹಗೀರಿನ ಮನೆಯವರು ತಮ್ಮ ಗಾಡಿಖಾನೆ ಖಾಲಿ ಮಾಡುತ್ತಿದ್ದಾರೆಂದು ಸುದ್ದಿ ಬಂತು. ಹಾಗೆ ನನ್ನ ಅಂಗಳಕ್ಕೆ ಬಂದದ್ದು ಬಾಡಿದ ಬದನೆಕಾಯಿ ಬಣ್ಣದ, ದೋಣಿಯಷ್ಟು ಉದ್ದದ, ಆಗಲೇ ಇಪ್ಪತ್ತು ವರ್ಷ ದಾಟಿದ್ದ ಅಮೆರಿಕದ ಕಾರು. ಅದಕ್ಕೆ ಕ್ಲಚ್ಚಿರಲಿಲ್ಲ. ಎರಡೇ ಪೆಡಲು, ಎರಡೂ ಬಲಗಾಲಿಗೆ. ಎಡಗಾಲು ಚಾಚಿಕೊಂಡು ಮಲಗಲು ಒಂದು ಅಂಕಣದಷ್ಟು ಜಾಗ. ಕಾರನ್ನು ತಂದು ಬಿಟ್ಟ ಆ ಮನೆಯ ಮುದಿ ಚಾಲಕ ಕೀಲಿಕೈ ಕೊಡುತ್ತ ಹೇಳಿದ: "ಎರಡ ಗೇರ್ ಅದಾವು, ಸಾಬ್. ಯಾವಾಗ ಯಾವುದು ಬೇಕು ಅಂತ ಅದಕ್ಕ ಗೊತ್ತೈತಿ. ಅದರ ಕೆಲಸದಾಗ ನೀವು ಕೈ ಹಾಕಬ್ಯಾಡ್ರಿ." ಒಬ್ಬ ವಕೀಲನಿಗೆ ಇಷ್ಟು ಒಳ್ಳೆಯ ಸಲಹೆಯನ್ನು ಬೇರೆ ಯಾರೂ ಕೊಟ್ಟಿಲ್ಲ.

ನಮ್ಮೂರ ಮೇಸ್ತ್ರಿ ಅದನ್ನು ನೋಡಲು ಬಂದ. ಅಕ್ಕಿ ಗಿರಣಿಯ ಎಂಜಿನ್ನಿನಿಂದ ಹಿಡಿದು ಲಾರಿಯವರೆಗೆ ಎಲ್ಲದಕ್ಕೂ ಅವನೇ ವೈದ್ಯ. ಅಡಿಯಲ್ಲಿ ತೂರಿ, ಗೇರ್ ಪೆಟ್ಟಿಗೆಯನ್ನು ನಟ್ಟು ಬಿಚ್ಚುವ ಪಾನಾದಿಂದ ಎರಡು ಸಲ ತಟ್ಟಿ, ಹೊರಬಂದು ತಲೆಯಾಡಿಸಿದ.

"ಕೈಯಾಗ ಹಿಡಿದಿದ್ದ ಗೇರು ನಂಬಬೇಕ್ರಿ, ವಕೀಲ್ ಸಾಬ್. ಇದು ಒಳಗ ಏನು ಮಾಡಾಕತ್ತೈತಿ ಅಂತ ಯಾರಿಗೆ ಗೊತ್ತು? ಎಣ್ಣಿ ತಿರುಗಿ ಗಾಲಿ ತಿರುಗ್ತಾವಂತ! ಎಣ್ಣ್ಯಾಗ ಮಿರ್ಚಿ ಕರದಿದ್ದು ನೋಡೀನಿ. ಗಾಡಿ ನಡದಿದ್ದು ನೋಡಿಲ್ಲ."

ಆಗ ನಮ್ಮ ಕಡೆ ವಿಲಾಯತಿ ಕಾರುಗಳಿಗೆಲ್ಲ ಒಂದೇ ಗತಿ. ಏನಾದರೂ ಕೆಟ್ಟಿತೆಂದರೆ ಅದರ ಕರುಳನ್ನೆಲ್ಲ ಕಿತ್ತು ಹಾಕಿ ಡೀಸೆಲ್ ಎಂಜಿನ್ನು, ಕ್ಲಚ್ಚು, ಲಾರಿಯ ಗೇರ್ ಪೆಟ್ಟಿಗೆ ಕೂರಿಸುವುದು. ಹೊರಗೆ ನವಾಬ, ಒಳಗೆ ಹಮಾಲ. ಮೇಸ್ತ್ರಿಗೆ ಆ ಶಸ್ತ್ರಕ್ರಿಯೆಯಲ್ಲಿ ಬಹಳ ಉಮೇದು. ಅಣ್ಣನಿಗೂ ಅದು ಹಿಡಿಸಿತು.

"ಒಂದು ಮಾತು ಹೇಳ್ತೀನಿ ಕೇಳು," ಎಂದ ಅಣ್ಣ. "ಒಂದ ಒಂದು ಸಲ ಇದು ನಿನ್ನ ರಸ್ತಾದಾಗ ಕುಂಡ್ರಿಸಿತು ಅಂದ್ರ, ಮೇಸ್ತ್ರಿ ಹೇಳಿದಂಗ ಮಾಡಸ್ತೀನಿ. ಕ್ಲಚ್ ಹಾಕಸ್ತೀನಿ, ಡ್ರೈವರ್ ಇಡ್ತೀನಿ. ನೀ ಹಿಂದ ಕುಂತು ಕಾಗದ ಓದಕೋತ ಹೋಗು."

ನಾನು ಒಪ್ಪಿದೆ. ಅಣ್ಣನಿಗೆ ಇಲ್ಲವೆನ್ನುವುದು ನಮ್ಮ ಮನೆಯ ಸಂವಿಧಾನದಲ್ಲಿ ಇರಲಿಲ್ಲ.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಕಣ್ಣು ಅರ್ಧ ಮುಚ್ಚುತ್ತದೆ. ಆ ಕಾರು ಓಡುತ್ತಿರಲಿಲ್ಲ, ತೇಲುತ್ತಿತ್ತು. ಲಾರಿಗಳು ಗೇರು ಬದಲಿಸುವಾಗ ಕೆಮ್ಮುತ್ತವೆ. ಇದು ಎಲ್ಲೋ ಒಂದು ಕಡೆ, ಯಾರಿಗೂ ಹೇಳದೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಗೇರು ಬದಲಿಸುತ್ತಿತ್ತು. ಬೆಳಗಿನ ಹೊತ್ತು ಗಂಗಾವತಿ ಬಿಟ್ಟರೆ ಎರಡೂ ಬದಿ ನೀರು ನಿಂತ ಗದ್ದೆ. ಅದರೊಳಗೆ ತಲೆಕೆಳಗಾಗಿ ನಿಂತ ಬಂಡೆಗುಡ್ಡಗಳು, ಅವುಗಳ ನಡುವೆ ತಲೆಕೆಳಗಾಗಿ ತೇಲುವ ನನ್ನ ಬದನೆಕಾಯಿ. ಹೇಮಗುಡ್ಡದ ಹತ್ತಿರ ಗಾಳಿಗೆ ಬಂಡೆಯ ಕಾವಿನ ವಾಸನೆ. ಕುಷ್ಟಗಿಯ ಕಡೆ ತಿರುಗಿದರೆ ನೀರು ಮುಗಿದು ಕಪ್ಪು ನೆಲ, ಸಜ್ಜೆ, ಸೂರ್ಯಕಾಂತಿ. ದಾರಿಯ ತುದಿಯಲ್ಲಿ ಬಿಸಿಲು ಒಂದು ಕೆರೆ ಹಾಸಿಟ್ಟು, ಹತ್ತಿರ ಹೋದಂತೆ ಸುತ್ತಿಕೊಂಡು ಮುಂದೆ ಒಯ್ಯುತ್ತಿತ್ತು. ಹನುಮಸಾಗರದವರೆಗೂ ಆ ಕೆರೆಯನ್ನು ಹಿಂಬಾಲಿಸಿದ್ದೇನೆ, ಕೆಲಸವಿಲ್ಲದ ದಿನ, ಬರೀ ಹೋಗಬಲ್ಲೆನೆಂಬ ಕಾರಣಕ್ಕೆ.

ಆಯುಧಪೂಜೆಯ ದಿನ ಮಾತ್ರ ಅದು ಮರ್ಯಾದೆ ತಪ್ಪುತ್ತಿತ್ತು. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು, ಎಂಜಿನ್ ಚಾಲೂ ಮಾಡಿ, ಮಂಗಳಾರತಿ ಆದಮೇಲೆ ಹಣ್ಣು ಒಡೆಯುವುದು ಪದ್ಧತಿ. ಈ ಜಾತಿಯ ಕಾರಿಗೆ ಗೇರು ಹಾಕಿ ಬ್ರೇಕಿನ ಮೇಲಿನ ಕಾಲು ಚೂರು ಸಡಿಲಿಸಿದರೆ ಸಾಕು, ತಾನಾಗಿ ತೆವಳುತ್ತದೆ. ಒಂದು ವರ್ಷ ಆರತಿ ತಟ್ಟೆ ಎತ್ತುವ ಮೊದಲೇ ನಾಲ್ಕೂ ಹಣ್ಣು ಒಡೆದು, ಪೂಜೆಗೆ ಬಂದಿದ್ದ ಐನೋರ ಕಡೆ ಹೊರಟಿತು. ಐನೋರು ಕರ್ಪೂರದ ಸಮೇತ ಹಿಂದೆ ಸರಿಯುತ್ತ, "ಏ, ತಡೀರಿ ಅದನ್ನ, ಮಂತ್ರ ಇನ್ನೂ ಅರ್ಧ ಅದಾವ!" ಎಂದು ಕೂಗಿದರು. ಮೇಸ್ತ್ರಿ ನನ್ನ ಕಡೆ ನೋಡಿ, "ನಾ ಹೇಳಿದ್ದಿಲ್ಲೇನ್ರಿ?" ಎಂದ.

ನಾನು ಮಾತ್ರ ಆ ಪೆಟ್ಟಿಗೆಯ ಸೇವೆಯಲ್ಲಿ ಲೋಪ ಮಾಡಲಿಲ್ಲ. ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ಎಂಜಿನ್ ಚಾಲೂ ಮಾಡುವ ಮುಂಚೆ, ಗೇರ್ ಪೆಟ್ಟಿಗೆಯ ಎಣ್ಣೆಕಡ್ಡಿ ಎಳೆದು ನೋಡುವುದು. ನಮ್ಮ ಸೀಮೆಯಲ್ಲಿ ಗಿರಣಿಯಾಗಲಿ, ಪಂಪಾಗಲಿ, ಲಾರಿಯಾಗಲಿ, ಎಣ್ಣೆ ನೋಡುವುದು ಎಂಜಿನ್ ಆರಿ ತಣ್ಣಗಾದ ಮೇಲೆಯೇ. ಕಡ್ಡಿ ಯಾವಾಗಲೂ ತುಂಬಿದ ಗೆರೆ ತೋರಿಸುತ್ತಿತ್ತು. ಅಂಗಳದಲ್ಲಿ ಕಾರಿನಡಿ ದಿನಾ ಒಂದೆರಡು ಕೆಂಪು ಹನಿ ಬೀಳುತ್ತಿದ್ದವು ನಿಜ. ಹನಿ ಬಿದ್ದರೂ ಕಡಿಮೆಯಾಗದ ಎಣ್ಣೆಯನ್ನು ಕಂಡು ನಾನು ಅಮೆರಿಕದವರ ಬಗ್ಗೆ ಗೌರವ ತಾಳಿದೆ.

ಹಳೆಯ ಆಟೋಮ್ಯಾಟಿಕ್ ಗಟ್ಟಿಯೋ ಹೊಸದು ಗಟ್ಟಿಯೋ ಎಂದು ಆಮೇಲೆ ನನ್ನನ್ನು ಕೇಳಿದವರಿದ್ದಾರೆ. ಎಂಬತ್ತರ ದಶಕದ ಕೊನೆಗೆ ಊರಿನ ಗಿರಣಿ ಮಾಲೀಕರೊಬ್ಬರು ಕೊಲ್ಲಿಯಿಂದ ಬಂದ ನೆಂಟರಿಂದ ಜಪಾನಿನ ಸಣ್ಣ ಆಟೋಮ್ಯಾಟಿಕ್ ಕಾರು ತೆಗೆದುಕೊಂಡಿದ್ದರು. ಅದಕ್ಕೆ ನಾಲ್ಕು ಗೇರು. ಬದಲಾಗುವುದು ರೇಷ್ಮೆ ಜಾರಿದಂತೆ. ಮೂರು ವರ್ಷ ಒಂದು ಹನಿ ಸೋರಲಿಲ್ಲ, ಒಂದು ಸದ್ದಿಲ್ಲ. ಒಂದು ದಿನ ಕೊಪ್ಪಳದ ದಾರಿಯಲ್ಲಿ, ಹಾಗೇ, ಒಂದು ಮಾತಾಡದೆ ನಿಂತಿತು. ನಿಂತದ್ದು ನಿಂತೇ ಹೋಯಿತು. ನನ್ನ ಹಳೆಯದಾದರೆ ಬ್ಯಾಟರಿ ಸತ್ತಾಗ ಇಳಿಜಾರಿನಲ್ಲಿ ಜೋರಾಗಿ ಉರುಳಿಸಿದರೆ ಎಂಜಿನ್ ಎದ್ದೇಳುತ್ತಿತ್ತು. ಹೊಸದಕ್ಕೆ ಆ ವಿದ್ಯೆಯೂ ಇಲ್ಲ. ಹೊಸದು ಕೆಡುವುದು ಕಡಿಮೆ, ಅದನ್ನು ಒಪ್ಪಲೇಬೇಕು. ಹಳೆಯದು ಕೆಡುವ ಮೊದಲು ಎರಡು ವರ್ಷ ದೂರು ಹೇಳುತ್ತದೆ. ಕೇಳಿಸಿಕೊಳ್ಳುವವನು ಬೇಕು, ಅಷ್ಟೇ.

ನನ್ನ ಕಾರು ದೂರು ಹೇಳತೊಡಗಿದಾಗ ನಾನು ಕೇಳಿಸಿಕೊಳ್ಳಲಿಲ್ಲ. ಏರಿನಲ್ಲಿ ಎಂಜಿನ್ ಅಬ್ಬರಿಸುವುದು, ಗಾಡಿ ಮಾತ್ರ ಧ್ಯಾನಕ್ಕೆ ಕೂತಂತೆ ನಿಧಾನವಾಗುವುದು. ವಯಸ್ಸು, ಎಂದುಕೊಂಡೆ. ಅಣ್ಣನಿಗೆ ಹೇಳಲಿಲ್ಲ.

ಎಂಬತ್ತರ ಆರಂಭದ ಒಂದು ಬೇಸಿಗೆ. ಯಲಬುರ್ಗಾದಲ್ಲಿ ಹನ್ನೊಂದಕ್ಕೆ ಒಂದು ಭೂಮಿಯ ಕೇಸು. ಬೇವೂರು ದಾಟಿ ಯಲಬುರ್ಗಾಕ್ಕೆ ಇನ್ನು ಆರೇಳು ಕಿಲೋಮೀಟರು ಇರುವಾಗ ಎಂಜಿನ್ ಅಬ್ಬರಿಸಿತು, ಕಾರು ನಿಂತಿತು. ಮುಂದೆ ಹೋಗುವ ಗೇರಿಗೆ ಹಾಕಿದರೆ ಬರೀ ಸದ್ದು. ರಸ್ತೆ ಖಾಲಿ, ಬಿಸಿಲು ಬಿಳಿ. ಅಣ್ಣನ ಮಾತು ನೆನಪಾಯಿತು: ಒಂದ ಒಂದು ಸಲ. ಕ್ಲಚ್ಚು, ಡ್ರೈವರು, ಹಿಂದಿನ ಸೀಟು. ಉಳಿದ ಆಯುಷ್ಯವನ್ನೆಲ್ಲ ಇನ್ನೊಬ್ಬನ ಕತ್ತಿನ ಹಿಂಭಾಗ ನೋಡುತ್ತ ಕಳೆಯುವ ಚಿತ್ರ ಕಣ್ಣ ಮುಂದೆ ಬಂತು.

ಬೇರೇನೂ ತೋಚದೆ ಲಿವರ್ ಅನ್ನು ಹಿಂದಕ್ಕೆ ಹೋಗುವ ಗೇರಿಗೆ ಎಳೆದೆ. ಕಾರು ಗಂಭೀರವಾಗಿ ಹಿಂದೆ ಚಲಿಸಿತು.

ಆಮೇಲೆ ಮಾಡಿದ್ದನ್ನು ಈಗ ಬರೆಯಲು ಸಂಕೋಚ. ದೂರದ ಹೊಲದಿಂದ ಕೂಗಿ ಕರೆದ ನಾಲ್ಕು ಆಳುಗಳಿಂದ ನೂಕಿಸಿ, ಕಾರನ್ನು ರಸ್ತೆಗೆ ಅಡ್ಡ ಮಾಡಿ, ಅದರ ಮೂತಿಯನ್ನು ಬೇವೂರಿನ ಕಡೆ ತಿರುಗಿಸಿದೆ. ಕರಿ ಕೋಟು ತೊಟ್ಟ ವಕೀಲ ಕುತ್ತಿಗೆ ಹಿಂದೆ ತಿರುಗಿಸಿಕೊಂಡು, ಯಲಬುರ್ಗಾದ ಕಡೆಗೆ ಹಿಮ್ಮುಖವಾಗಿ ಪ್ರಯಾಣ ಬೆಳೆಸಿದ. ಎಂಥ ಪ್ರಯಾಣ ಅದು! ಹೊಲಗಳು ನನ್ನಿಂದ ಬಿಚ್ಚಿಕೊಂಡು ದೂರ ಸರಿಯುತ್ತಿದ್ದವು. ಮುಂದಿನ ಗಾಜಿನಲ್ಲಿ ದಾಟಿಬಂದ ಗಿಡಗಳು ಬೀಳ್ಕೊಡುವವರಂತೆ ನಿಂತು ಚಿಕ್ಕವಾಗುತ್ತಿದ್ದವು. ನಿನ್ನೆಗೆ ಹೋಗುತ್ತಿದ್ದೇನೋ ನಾಳೆಗೋ ತಿಳಿಯದ ಒಂದು ಜೊಂಪು. ಕುರಿಗಳೂ ತಲೆ ಎತ್ತಿ ನೋಡಿದವು, ಕುರಿ ಕಾಯುವವನೂ ನೋಡಿದ.

"ಯಾಕ್ರೀ ಸಾಹೇಬ್ರ, ಊರಿಗೆ ಬೆನ್ನು ಮಾಡಿ ಹೊಂಟೀರಿ? ಜಗಳ ಐತೇನು?"

"ಗೇರ್ ಕೆಟ್ಟೈತಪಾ."

"ನಮ್ಮ ಎತ್ತಿಗೆ ಹಿಂಗ ಹೋಗು ಅಂದ್ರ ಒದಿತಾವ್ರಿ. ಛಲೋ ಗಾಡಿ ಐತಿ ಬಿಡ್ರಿ!"

ಕೋರ್ಟಿನ ಬೇವಿನಮರದಡಿ ಕಾರು ಮುಟ್ಟಿದಾಗ ಕಕ್ಷಿದಾರ ಮುದುಕ ಕೈಮುಗಿದು ಹಿಂಬದಿಯ ಡಿಕ್ಕಿಗೆ ನಮಸ್ಕಾರ ಮಾಡಿದ. ಕೇಸು ಮುಂದಕ್ಕೆ ಹೋಯಿತು. ಅದಾದರೂ ಮುಂದಕ್ಕೆ ಹೋಯಿತಲ್ಲ. ಆದರೆ ಹೀಗೆ ಗಂಗಾವತಿಯವರೆಗೆ ಹೋಗಲಾಗದು. ಪರಿಚಯದ ಅಂಗಡಿಯಿಂದ ಫೋನು ಮಾಡಿ ಅಣ್ಣನಿಗೆ ಸುದ್ದಿ ಹೇಳಿಸಿದೆ. "ಮೇಸ್ತ್ರೀನ ಕರಕೊಂಡು ಬರ್ತಾರಂತ" ಎಂಬ ಉತ್ತರ ಬಂತು. ತೀರ್ಪು ಹೊರಟಿತೆಂದು ಅರ್ಥವಾಯಿತು.

ಕಾಯುವ ಹೊತ್ತಿನಲ್ಲಿ ಓದಲು ಏನೂ ಇರಲಿಲ್ಲ. ಡ್ಯಾಶಿನ ಗೂಡಿನಲ್ಲಿ ಕಾರಿನ ಜೊತೆಗೇ ಬಂದ ಇಂಗ್ಲಿಷ್ ಪುಸ್ತಿಕೆಯೊಂದು ಇತ್ತು. ಹುಳ ತಿಂದದ್ದು, ಹಾಳೆ ಹಪ್ಪಳದಂತೆ ಮುರಿಯುವಂಥದ್ದು. ಪರರ ಖರೀದಿ ಪತ್ರಗಳನ್ನು ಕೊನೆಯ ಚುಕ್ಕೆಯವರೆಗೆ ಓದುವ ನಾನು ಅದನ್ನು ಆರು ವರ್ಷ ತೆರೆದಿರಲಿಲ್ಲ. ಬೇವಿನ ನೆರಳಲ್ಲಿ ಕಾಲು ಚಾಚಿ ಓದುತ್ತ ಹೋದೆ. ಒಂದು ಕಡೆ ದಪ್ಪಕ್ಷರದಲ್ಲಿ ಬರೆದಿತ್ತು: ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ ಬಿಸಿಯಾಗಿ, ಚಾಲೂ ಇರುವಾಗಲೇ ನೋಡಬೇಕು, ಆರಿಸಿ ನೋಡಿದರೆ ಒಳಗಿನ ಎಣ್ಣೆಯೆಲ್ಲ ಇಳಿದು ಕೆಳಗೆ ಕೂತು, ಕಡ್ಡಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಆರು ವರ್ಷ. ಸ್ನಾನ ಮಾಡಿ, ಮಡಿಯಿಂದ, ಸುಳ್ಳುಸಾಕ್ಷಿಯನ್ನು ದಿನಾ ಒಪ್ಪಿಕೊಂಡಿದ್ದೆ.

ಜೀಪು ಬಂತು. ಅಣ್ಣ ಇಳಿದು ಮೊದಲು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಖಾತ್ರಿ ಮಾಡಿಕೊಂಡ. "ಎಲ್ಲಿ ಕುಂಡ್ರಿಸಿತು?"

"ಬೇವೂರ ದಾಟಿ. ಇಲ್ಲೀತನ ನಾನ ತಂದೀನಿ, ಹಿಂದಮುಂದ ಆಗಿ."

ಮೇಸ್ತ್ರಿ ಆಗಲೇ ಗೇಜು ಪಟ್ಟಿ ಹಿಡಿದು ಅಳತೆ ತೆಗೆಯುತ್ತಿದ್ದ. "ಸತ್ತೈತ್ರಿ ಇದು. ನಾಳೆ ಬಿಚ್ತೀನಿ. ಲಾರೀ ಗೇರ್ ಡಬ್ಬಿ ಐತಿ ನನ್ನ ಕಡೆ, ಕ್ಲಚ್ ಪ್ಲೇಟ್ ಹೊಸದು."

"ಮೇಸ್ತ್ರಿ, ಎಂಜಿನ್ ಚಾಲೂ ಇಟ್ಟು ಕಡ್ಡಿ ಎಳಿ."

"ಚಾಲೂ ಇಟ್ಟು ಎಣ್ಣಿ ನೋಡ್ತಾರೇನ್ರಿ? ಯಾವ ಉಸ್ತಾದ ಹೇಳ್ಯಾನ ಇದನ್ನ?"

"ಮಾಡಿದವರ ಬರದಾರ."

ಅವನು ಅಣ್ಣನ ಮುಖ ನೋಡಿದ. ಅಣ್ಣ, "ಎಳಿ ಎಳಿ, ಓದಿದವನು ಅದಾನ" ಎಂದ. ಅದರಲ್ಲಿ ನಂಬಿಕೆಗಿಂತ ದಣಿವಿತ್ತು. ಎಂಜಿನ್ ಚಾಲೂ ಮಾಡಿದೆ. ಮೇಸ್ತ್ರಿ ಕಡ್ಡಿ ಎಳೆದ. ತುದಿಯಲ್ಲಿ ಒಂದು ಹನಿ ಇಲ್ಲ. ಒರೆಸಿ ಮತ್ತೆ ಇಳಿಸಿದ. ಒಣಗಿದ ಕಡ್ಡಿ. ಅವನ ಮುಖದಲ್ಲಿ ಮೊದಲ ಸಲ ಭಕ್ತಿ ಕಂಡೆ.

"ಯಾ ಅಲ್ಲಾ. ಉಪವಾಸ ಬಿದ್ದೈತಲ್ರಿ ಇದು!"

ಆ ಕೆಂಪೆಣ್ಣೆ ಯಲಬುರ್ಗಾದಲ್ಲಿ ಎಲ್ಲಿ ಸಿಗಬೇಕು? ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿಗೆ ಹಾಕುವ ತೆಳ್ಳನೆಯ ಎಣ್ಣೆ ಸಿಕ್ಕಿತು. ಮೇಸ್ತ್ರಿ ತೆಳ್ಳನೆಯ ತಗಡು ಸುತ್ತಿ ಆಲಿಕೆ ಮಾಡಿ, ಮಗುವಿಗೆ ಹಾಲು ಹಾಕುವಂತೆ, ತಡೆದು ತಡೆದು ಹೊಯ್ದ. ಒಂದೊಂದು ಸಲಕ್ಕೂ ಕಡ್ಡಿ. ಕೊನೆಗೆ ಗೆರೆ ಮುಟ್ಟಿತು. ಸುತ್ತ ನಿಂತ ಕಕ್ಷಿದಾರರು, ಗುಮಾಸ್ತರು, ಚಹಾದವನು ಎಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಲಿವರ್ ಮುಂದಕ್ಕೆ ಹಾಕಿ ಬ್ರೇಕಿನಿಂದ ಕಾಲೆತ್ತಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಒಂದು ಉಸಿರು, ಮೆತ್ತಗೆ ಒಂದು ತಳ್ಳು; ಕಾರು ಮುಂದೆ ತೆವಳಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಸ್ತ್ರಿ ಪಾನಾಗಳನ್ನು ಚೀಲಕ್ಕೆ ತುಂಬಿ, "ಎಣ್ಣಿ ಸೋರೋ ಹಿಂದಿನ ಸೀಲ್ ಹೊಸದು ಹಾಕಿ ಕೊಡ್ತೀನ್ರಿ. ಗೇರ್ ಡಬ್ಬಿ ಲಾರ್‍ಯಾಗ ಇರಲಿ" ಎಂದ.

ಅಣ್ಣ ಬೇವಿನಮರಕ್ಕೆ ಒರಗಿದ್ದ. ಅವನ ಮಾತಿನ ಪ್ರಕಾರ ಅವನು ಗೆದ್ದಿದ್ದ. ಕಾರು ನನ್ನನ್ನು ರಸ್ತೆಯಲ್ಲಿ ಕೂರಿಸಿತ್ತು. ನಾನು ಕೇಳಿಯೇಬಿಟ್ಟೆ: "ಮತ್ತ ಡ್ರೈವರ್?"

ಅವನು ನನ್ನ ಕರಿ ಕೋಟಿನ ಬೆವರು, ತಿರುಚಿ ತಿರುಚಿ ನೋಯುತ್ತಿದ್ದ ಕುತ್ತಿಗೆ ಎಲ್ಲ ನೋಡಿದ. "ಆರು ಕಿಲೋಮೀಟರ್ ಹಿಂದಮುಂದ ಆಗಿ ಬರೋ ಮೊಂಡನ್ನ ಯಾವ ಡ್ರೈವರ್ ಕುಂಡ್ರಿಸಿಕೊಂಡಾನು," ಎಂದ. ಮೇಸ್ತ್ರಿಯ ಕೈಗೆ ಜೀಪಿನ ಕೀಲಿಕೈ ಎಸೆದ. ಆಮೇಲೆ ಕಾರಿನ ಇನ್ನೊಂದು ಬಾಗಿಲು ತೆಗೆದು ನನ್ನ ಪಕ್ಕ ಕುಳಿತ. ಆರು ವರ್ಷದಲ್ಲಿ ಅವನು ಆ ಕಾರಿನಲ್ಲಿ ಕೂತಿರಲೇ ಇಲ್ಲ.

ಊರು ದಾಟಿ ದಾರಿ ನೇರವಾಯಿತು. ಮೊದಲನೆಯದು ಮುಗಿದು ಎರಡನೆಯ ಗೇರು ಯಾವಾಗ ಬಿತ್ತೋ ಇಬ್ಬರಿಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ, ಜೀವನದಲ್ಲಿ ಯಾವ ಗಾಡಿಯಲ್ಲೂ ಕಣ್ಣು ಮುಚ್ಚದ ಅಣ್ಣ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದ.