ಎರಡನೇ ಸಾಲಿನ ಬಾಣ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ ಎಂದು ಅಮ್ಮ ರೇಗುತ್ತಿದ್ದಳು. ದಿನಾ ಎಂಟೂವರೆಯ ಬಸ್ಸು ಹಿಡಿದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ, ಅಲ್ಲೊಂದು ಸಣ್ಣ ಸಂಸ್ಥೆಯಲ್ಲಿ ಕಂಪ್ಯೂಟರ್ ಪಾಠ ಹೇಳಿ, ಸಂಜೆ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದೆ. ಅಷ್ಟಾದರೂ ಕೈ ಸುಮ್ಮನಿರಬೇಕಲ್ಲ! ಚಪ್ಪಲಿ ಬಿಟ್ಟವಳೇ ಮನೆಯ ಕಂಪ್ಯೂಟರಿನ ಮುಂದೆ ಕೂತು ಏನಾದರೊಂದು ಬದಲಾಯಿಸುತ್ತಿದ್ದೆ.

ಅದರಲ್ಲಿ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗಳು ಎರಡಿದ್ದವು: ವಿಂಡೋಸ್ ಇತ್ತು, ಲಿನಕ್ಸೂ ಇತ್ತು. ಆನ್ ಮಾಡಿದ ಕೂಡಲೇ ಯಾವುದು ಬೇಕು ಎಂದು ಕೇಳುವ ಎರಡು ಸಾಲಿನ ಪಟ್ಟಿ ಬರುತ್ತಿತ್ತು. ಹತ್ತು ಸೆಕೆಂಡಿನೊಳಗೆ ಆರಿಸದಿದ್ದರೆ ಮೊದಲ ಸಾಲಿನ ಲಿನಕ್ಸೇ ಶುರುವಾಗುತ್ತಿತ್ತು. ಆ ಪಟ್ಟಿಯ ಹಿಂದೆ ನಮಗೆ ಬೇಕಾದ ಚಿತ್ರ ಹಾಕಬಹುದು ಎಂದು ತಿಳಿದ ದಿನದಿಂದ ನನಗೆ ಹುಚ್ಚು ಹಿಡಿಯಿತು. ಚಿತ್ರದಲ್ಲಿ ಹದಿನಾಲ್ಕೇ ಬಣ್ಣ ಇರಬೇಕು, ಹದಿನೈದನೆಯದಕ್ಕೆ ಜಾಗವಿಲ್ಲ. ಸಕ್ರೆಬೈಲಿನಲ್ಲಿ ನೀರಿಗಿಳಿದ ಆನೆಯ ಫೋಟೊ ಹಾಕಿದೆ. ಹದಿನಾಲ್ಕು ಬಣ್ಣಕ್ಕೆ ಇಳಿಸುವಷ್ಟರಲ್ಲಿ ಸೊಂಡಿಲೇ ಕಾಣೆಯಾಗಿತ್ತು.

"ಎಮ್ಮೆ ಚೆನ್ನಾಗಿದೆ," ಎಂದರು ಅಪ್ಪ.

ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಎತ್ತರದ ಕ್ಯಾಬಿನ್ನಿನಲ್ಲಿ ಕೂತು, ಕೆಳಗೆ ನಿಂತವನ ಕೈಸನ್ನೆ ನೋಡುತ್ತಾ ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುವ ಕೆಲಸ. ಇಡೀ ಸರ್ವಿಸ್‌ನಲ್ಲಿ ಒಂದು ದಿನವೂ ತಪ್ಪು ಹಿಡಿಕೆ ಎಳೆದವನಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೂ ನನ್ನದೇ ರೋಗ ಅಂಟಿತು. ಕಾರ್ಖಾನೆಯ ಸೈರನ್ ಕೇಳಿದರೆ ಸಾಕು, ಎದ್ದು ಗೇಟಿನ ತನಕ ಹೋಗುವರು, ಬರುವರು, ಅಮ್ಮನ ಒಗ್ಗರಣೆಯಲ್ಲಿ ತಪ್ಪು ಹುಡುಕುವರು. ಅವರನ್ನು ಕೊನೆಗೂ ಒಂದು ಕಡೆ ಕೂರಿಸಿದ್ದು ವಿಂಡೋಸಿನಲ್ಲಿದ್ದ ಇಸ್ಪೀಟಾಟ. ಒಂದು ಭಾನುವಾರ ಕಲಿಸಿಕೊಟ್ಟೆ. ಮೌಸು ಹಿಡಿದ ಅಪ್ಪನ ಮುಖದಲ್ಲಿ ಕ್ಯಾಬಿನ್ನಿನ ಕಳೆ ಬಂತು.

ತೊಡಕು ಒಂದೇ. ಅಪ್ಪ ಓದುತ್ತಿದ್ದುದು ಕನ್ನಡ ಮಾತ್ರ, ಪಟ್ಟಿ ಇದ್ದದ್ದು ಇಂಗ್ಲಿಷಿನಲ್ಲಿ. ವಿಂಡೋಸನ್ನೇ ತಾನಾಗಿ ಶುರುವಾಗುವಂತೆ ಮಾಡಿದ್ದರೆ ರಗಳೆಯೇ ಇರುತ್ತಿರಲಿಲ್ಲ, ಆದರೆ ಲಿನಕ್ಸ್ ಕಲಿತವಳೆಂಬ ಜಂಬ ನನ್ನನ್ನು ಬಿಡಲಿಲ್ಲ. ಪಟ್ಟಿಗೆ ಕನ್ನಡ ಬಾರದಿದ್ದರೇನು, ಚಿತ್ರದಲ್ಲಿ ಏನು ಬೇಕಾದರೂ ಬರೆಯಬಹುದಲ್ಲ! ಆನೆಯನ್ನು ಕಿತ್ತು ಹಾಕಿ, ಕಪ್ಪು ಹಿನ್ನೆಲೆಯ ಮೇಲೆ ಎರಡನೇ ಸಾಲಿಗೆ ಸರಿಯಾಗಿ ಒಂದು ಕೆಂಪು ಬಾಣ ಬರೆದು, ಪಕ್ಕದಲ್ಲಿ ದಪ್ಪಗೆ "ಇಸ್ಪೀಟು" ಎಂದು ಹಾಕಿದೆ. ಬಾಣವಿದ್ದ ಸಾಲಿಗೆ ಬಂದು ಎಂಟರ್ ಒತ್ತಿದರೆ ಆಯಿತು.

ಅಪ್ಪ ನನ್ನನ್ನು ಕರೆಯುವುದನ್ನೇ ಬಿಟ್ಟರು. "ನಿಮ್ಮಪ್ಪನೇ ಎಲ್ಲ ಮಾಡ್ಕೊಳ್ತಾರೆ ಕಣೇ, ಮನೆ ತಣ್ಣಗಾಯ್ತು," ಎಂದು ಅಮ್ಮ ನಿಟ್ಟುಸಿರು ಬಿಟ್ಟಳು.

ನನಗೆ ತಣ್ಣಗಿರುವುದು ಆಗಿಬರುವುದಿಲ್ಲ. ಒಂದು ಬೆಳಿಗ್ಗೆ, ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದೆ ಎಂದುಕೊಂಡು, ಸಂಸ್ಥೆಯಿಂದ ಸೀಡಿಯಲ್ಲಿ ತಂದಿದ್ದ ಹೊಸ ಕರ್ನಲನ್ನು, ಅಂದರೆ ಲಿನಕ್ಸಿನ ಒಳತಿರುಳನ್ನು, ಹಾಕಿದೆ. ಹಳೆಯದು ಕೆಟ್ಟಿರಲಿಲ್ಲ. ಹೊಸದು ಸಿಕ್ಕಿತ್ತು, ಅಷ್ಟೇ. ಮತ್ತೆ ಆನ್ ಮಾಡಿ ನೋಡುವಷ್ಟು ಹೊತ್ತಿರಲಿಲ್ಲ. ತಿಂಡಿಯನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಸಂಜೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದು, "ಕಂಪ್ಯೂಟರ್ ಕೆಟ್ಟುಹೋಯ್ತಂತೆ. ನಿಮ್ಮಪ್ಪ ಮಧ್ಯಾಹ್ನ ಊಟಾನೂ ಮಾಡ್ಲಿಲ್ಲ," ಎಂದಳು. ಅಪ್ಪ ಬಾಣ ನೋಡಿಯೇ ಎಂಟರ್ ಒತ್ತಿದ್ದರು. ಇಸ್ಪೀಟಿನ ಬದಲು ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಸರಸರ ಓಡತೊಡಗಿದ್ದನ್ನು ಕಂಡು, ಏನೋ ಅನಾಹುತವಾಯಿತೆಂದು ಪ್ಲಗ್ಗನ್ನೇ ಕಿತ್ತಿದ್ದರು.

ನಾನು ಆನ್ ಮಾಡಿ ನೋಡಿದೆ. ಪಟ್ಟಿಯಲ್ಲಿ ಮೂರು ಸಾಲಿದ್ದವು. ಹೊಸ ಕರ್ನಲ್ ತಾನಾಗಿ ಮೊದಲ ಸಾಲಿಗೆ ಬಂದು ಕೂತು, ಮಿಕ್ಕವನ್ನೆಲ್ಲ ಒಂದೊಂದು ಸಾಲು ಕೆಳಗೆ ತಳ್ಳಿತ್ತು. ಬಾಣ ಮಾತ್ರ ಬರೆದಲ್ಲೇ ಇತ್ತು. ಅದು ಈಗ ತೋರಿಸುತ್ತಿದ್ದುದು ಹಳೆಯ ಲಿನಕ್ಸನ್ನು.

ಅಷ್ಟರಲ್ಲಿ ಅಪ್ಪ ಹಿಂದೆ ಬಂದು ನಿಂತಿದ್ದರು. "ನಾನೇ ಏನೋ ತಪ್ಪು ಒತ್ತಿದೆ, ಅಲ್ವಾ?"

"ಇರ್ಲಿ ಬಿಡಿ ಅಪ್ಪಾಜಿ, ಸರಿ ಮಾಡ್ತೀನಿ," ಎಂದೆ.

ಅಷ್ಟೇ ಅಂದದ್ದು. ಅಲ್ಲ ಎನ್ನಲಿಲ್ಲ. ಅವರು ಅತ್ತ ಹೋದ ಮೇಲೆ, ಪ್ಲಗ್ಗು ಕಿತ್ತಾಗ ಕೆಟ್ಟಿದ್ದ ಡಿಸ್ಕು ರಿಪೇರಿ ಮಾಡಿ, ಬಾಣವನ್ನು ಮೂರನೇ ಸಾಲಿಗೆ ಇಳಿಸಿ, ಏನೂ ಆಗದವಳಂತೆ ಕಾಫಿ ಕುಡಿದೆ. ಕಳ್ಳಿ!

ಆದರೆ ಅಪ್ಪ ಮತ್ತೆ ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ಸೈರನ್ನು, ಗೇಟು, ಒಗ್ಗರಣೆ ಎಲ್ಲ ಮೊದಲಿನಂತಾಯಿತು. ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ನನಗೆ ಅದೇ ಯೋಚನೆ. ಪಾಠದ ನಡುವೆ ಹೇಳುತ್ತಿದ್ದುದು ಮರೆತುಹೋಗುತ್ತಿತ್ತು. ಇವತ್ತು ಹೇಳೋಣ ಎಂದು ಮನೆಗೆ ಬರುವುದು, ಅಪ್ಪನ ಮುಖ ನೋಡಿ ನಾಲಿಗೆ ಕಚ್ಚಿಕೊಳ್ಳುವುದು. ಹೀಗೆ ಎಂಟು ದಿನ. ಎಂಟನೆಯ ದಿನ ಸಂಜೆ ಹಿತ್ತಿಲಲ್ಲಿ ಅಪ್ಪ ಅಮ್ಮನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಕೈ ಮೇಲೆ ನಂಬಿಕೆ ಹೋಯ್ತು ಕಣೇ. ಇನ್ನು ಯಾವ ಮಿಷನ್ನೂ ಮುಟ್ಟಲ್ಲ."

ತಡೆಯಲಾಗಲಿಲ್ಲ. ಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನೀವು ಒತ್ತಿದ್ದು ಸರಿ, ಬಾಣ ತಪ್ಪಿತ್ತು, ಬಾಣ ಬರೆದವಳು ನಾನು.

ಅಪ್ಪ ನನ್ನ ಕಡೆ ತಿರುಗಿದರು. "ಎಂಟು ದಿನ ಗೊತ್ತಿದ್ದೂ ಸುಮ್ನಿದ್ಯಾ?"

ಹೌದೆಂದು ತಲೆಯಾಡಿಸಿದೆ.

"ನೋಡೇ ಮಾರಾಯ್ತಿ, ಕೆಳಗೆ ನಿಂತೋನು ಸಿಗ್ನಲ್ ತಪ್ಪು ಕೊಡಬಹುದು. ಮನುಷ್ಯ ತಾನೆ. ಆದ್ರೆ ತಪ್ಪು ನಂದು ಅಂತ ಅಲ್ಲೇ, ಆಗ್ಲೇ ಹೇಳ್ಬೇಕು. ಇಲ್ದಿದ್ರೆ ಮೇಲೆ ಕೂತೋನು ಮತ್ತೆ ಹಿಡಿಕೆ ಮುಟ್ಟೋದು ಹೆಂಗೆ?" ಇಷ್ಟು ಹೇಳಿ ಒಳಗೆ ಹೋದರು. ಅವರು ಬೈದಿದ್ದರೆ ವಾಸಿಯಿತ್ತು. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಕರೆದರು. ಅಂಗಿಯ ತೋಳು ಮಡಚಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. "ಇಲ್ಲಿ, ನಂಗೆ ಕಾಣೋ ಹಂಗೆ ನಿಂತ್ಕೋ. ಕೈ ತೋರ್ಸು."

ಮಾನಿಟರಿನ ಪಕ್ಕ ನಿಂತು ಬೆರಳನ್ನು ಕೆಳಮುಖವಾಗಿ ಎರಡು ಸಲ ಆಡಿಸಿದೆ. ಅಪ್ಪ ಕೆಳಗಿಳಿಸುವ ಕೀಲಿಯನ್ನು ಎರಡು ಸಲ ಒತ್ತಿದರು, ಬಾಣವನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಎಂಟರ್ ಒತ್ತಿದರು. ವಿಂಡೋಸ್ ಏಳುವುದಕ್ಕೆ ತೆಗೆದುಕೊಂಡ ಹೊತ್ತು ನನ್ನ ಆಯಸ್ಸಿನಷ್ಟು ಉದ್ದವಾಗಿತ್ತು. ಕೊನೆಗೂ ಇಸ್ಪೀಟಿನ ಎಲೆಗಳು ಹರಡಿಕೊಂಡವು.

"ಎಂಟೂವರೆ ಬಸ್ಸು ಹೋಯ್ತು ಅಪ್ಪಾಜಿ," ಎಂದೆ.

"ಹೋಗ್ಲಿ. ಕೂತ್ಕೋ."

ಕೂತೆ. ಎರಡು ನಿಮಿಷಕ್ಕೆಲ್ಲ ಕಾಲು ಕುಣಿಯತೊಡಗಿತು. ಅಪ್ಪ ಪರದೆಯಿಂದ ಕಣ್ಣು ಕೀಳದೆ ಎಡಗೈಯಿಂದ ನನ್ನ ಮಂಡಿಯನ್ನು ಒತ್ತಿ ಹಿಡಿದು, ಬಲಗೈಯಿಂದ ಒಂದು ಎಲೆ ಸರಿಸಿದರು.