ಇಲಿಗಳ ಕೋಣೆಗೆ ದೀಪ ಹಚ್ಚಿದವಳು

ಸುಜಾತಾ, ಆ ದೀಪ ಹಚ್ಚಿದವಳು ನಾನು. ನಸ್ರೀನ ಅಲ್ಲ. ನಿನ್ನ ಇಲಿಗಳ ಕತ್ತಲೆ ಕೆಡಿಸಿದವಳು, ಗೆಳತಿಯಿಂದ ನಿನ್ನನ್ನು ಅಗಲಿಸಿದವಳು — ನಿನ್ನ ಆಯಿ, ನಿನ್ನಪ್ಪನ ಹಡೆದವ್ವ.

ಇವತ್ತು ಮುಂಜಾನೆ ಪುಣೆಯಿಂದ ನಿನ್ನ ಫೋನ್ ಬಂದಾಗ ಖಾನಾಪುರದ ಈ ಮನೆಯಲ್ಲಿ ನಾನು ಕುಣಿಯುವುದೊಂದು ಬಾಕಿ ಇತ್ತು. ಮೈಯೊಳಗಿನ ಗಡಿಯಾರ ಕೆಟ್ಟು ಹೊತ್ತುಗೊತ್ತು ತಿಳಿಯದೆ ಒದ್ದಾಡುತ್ತಿದ್ದ ಇಲಿಗಳು ಈಗ ಸರಿಯಾಗಿ ಮಲಗುತ್ತಿವೆ, ಏಳುತ್ತಿವೆ ಎಂದೆ ನೀನು. ವೈರಸ್ಸಿನೊಳಗಿನ ರೋಗದ ಗುಣ ತೆಗೆದುಹಾಕಿ, ಒಳ್ಳೆಯ ಜೀನನ್ನು ಅದಕ್ಕೆ ಹೊರಿಸಿ, ಮಿದುಳಿಗೆ ಕಳಿಸಿದೆಯಂತೆ. ಮೂರನೇ ಇಯತ್ತೆ ಕಲಿತವಳಿಗೆ ಎಷ್ಟು ತಿಳಿಯಬೇಕೋ ಅಷ್ಟು ತಿಳಿಯಿತು. ಓಣಿಗೆಲ್ಲ ಪೇಢೆ ಕೊಟ್ಟೆ. ಬಾಜು ಮನೆಯ ಮಾವಶಿಗೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ, ಅವಳು ಸಾಕು ಎನ್ನುವ ತನಕ. ಆದರೆ ಫೋನ್ ಇಡುವ ಮುಂದೆ ನೀನು ಅಂದ ಮಾತು ಮನೆಮನೆಗೂ ನನ್ನ ಹಿಂದೆಯೇ ಬಂತು —

“ಇದನ್ನ ನಸ್ರೀನ ನೋಡಬೇಕಾಗಿತ್ತು, ಆಯಿ.”

ಮಚ್ಛೆ ಊರಿನ ಹುಡುಗಿ ಅವಳು. ನೀನು ಪುಣೆಗೆ ಹೋಗುವ ಮೊದಲು ಬೆಳಗಾವಿಯ ಆ ಸಣ್ಣ ಪ್ರಯೋಗಾಲಯದಲ್ಲಿ ನೀವಿಬ್ಬರೂ ಜೋಡಿಯಾಗಿ ಕೆಲಸ ಮಾಡುತ್ತಿದ್ದಿರಿ. ಭಾನುವಾರ ನಿನ್ನ ಜೊತೆ ಇಲ್ಲಿಗೆ ಬಂದು, ಒಲೆಯ ಮುಂದೆ ಕೂತು, ನಿನಗೆ ಕೇಳಿಸುವಂತೆಯೇ ದೂರು ಹೇಳುತ್ತಿದ್ದಳು: “ಆಯಿ, ನಿಮ್ಮ ಮೊಮ್ಮಗಳಿಗೆ ಇಲಿ ಮ್ಯಾಲಿನ ಪ್ರೀತಿ ನಮ್ಮ ಮ್ಯಾಲ ಇಲ್ರಿ.”

ಶೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ನಾನೇ ಅಲ್ಲಿಗೆ ಬಂದೆ. ಹೊರಗಿನವರನ್ನು ಬಿಡುವಂತಿರಲಿಲ್ಲ, ಆದರೂ ನೀನು ಹೆಮ್ಮೆಯಿಂದ ನನ್ನನ್ನು ಕರೆದೊಯ್ದು ಇಲಿಗಳ ಕೋಣೆಯ ಹೊರಗೆ ಕೂರಿಸಿದೆ. ಒಳಗೆ ವಾರಗಟ್ಟಲೆ ಕತ್ತಲೆ — ಬೆಳಕು ತಾಕದಿದ್ದರೂ ಅವುಗಳ ಗಡಿಯಾರ ತಾನೇ ನಡೆಯುತ್ತದೆಯೋ ಎಂದು ನೋಡಲು. ಏನನ್ನೂ ಮುಟ್ಟಬೇಡವೆಂದು ಹೇಳಿ, ಸಾಹೇಬರು ಕರೆದರೆಂದು ನೀನು ಹೋದೆ.

ದೀಪ ಹಚ್ಚುವ ಹೊತ್ತಾಯಿತು. ಮುಚ್ಚಂಜೆಯಲ್ಲಿ ಜೀವವಿರುವ ಜಾಗವನ್ನು ಕತ್ತಲೆಯಲ್ಲಿ ಬಿಟ್ಟವಳಲ್ಲ ನಾನು. ದನದ ಕೊಟ್ಟಿಗೆಗೂ ದೀಪ ತೋರಿಸಿಯೇ ಉಂಡವಳು. ಪಾಪ, ಹಬ್ಬದ ದಿನ… ಗೋಡೆಯ ಮೇಲಿನ ಗುಂಡಿ ಒತ್ತಿದೆ. ಬಾಗಿಲ ಸಂದಿಯಲ್ಲಿ ಬೆಳಕು ಮೂಡಿತು. ಕೈಮುಗಿದೆ. ನಿನ್ನ ಹೆಜ್ಜೆ ಕೇಳಿಸಿದ್ದೇ ಆರಿಸಿದೆ — ಆರಿಸಿದೆ ಎಂದರೆ, ಮಾಡಬಾರದ್ದೆಂದು ಗೊತ್ತಿತ್ತು.

ಮುಂದಿನ ಭಾನುವಾರ ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಬಂದಿರಿ. ಆ ಸಂಜೆಯಿಂದ ಇಲಿಗಳು ಏಳುವ ಹೊತ್ತು ಜಾರಿದೆ, ಯಾರೋ ಬೆಳಕು ಹಾಕಿದ್ದಾರೆ, ಎಲ್ಲ ಮತ್ತೆ ಮೊದಲಿನಿಂದ ಮಾಡಬೇಕು ಎಂದೆ ನೀನು. ಆ ಸಂಜೆ ಕಾಳು ಹಾಕಲು ಒಳಗೆ ಹೋದವಳು ನಸ್ರೀನ ಒಬ್ಬಳೇ. ಇಲಿಗಳಿಗೆ ಕಾಣದ ಕೆಂಪು ಬೆಳಕಿನ ಬ್ಯಾಟರಿ ಬಿಟ್ಟು ಮೊಬೈಲಿನ ಬೆಳಕು ಹಚ್ಚಿದ್ದಾಳೆಂದು ನಿನ್ನ ಗುಮಾನಿ. ಆದರೂ ಮೊದಲು ಕೇಳಿದ್ದು ನನ್ನನ್ನೇ, ಅವಳ ಎದುರಿಗೇ —

“ಆಯಿ, ನೀ ಏನರ ಮುಟ್ಟಿದ್ದೇನು?”

“ನಾ ಯಾಕ ಮುಟ್ಟಲಿ?”

ಇಷ್ಟೇ. ಇಷ್ಟರಲ್ಲಿ ಎಲ್ಲ ಮುಗಿಯಿತು. ನೀನು ಅವಳ ಕಡೆ ತಿರುಗಿದೆ. ತಾನು ಹಚ್ಚಿಲ್ಲವೆಂದು ಅವಳು ಒಮ್ಮೆ ಮಾತ್ರ ಹೇಳಿದಳು. “ಖರೇ ಹೇಳು” ಎಂದೆ ನೀನು. ಉಣ್ಣುತ್ತಿದ್ದ ತಾಟು ಸರಿಸಿ ಎದ್ದಳು. ಹೊರಡುವಾಗ ನನಗೆ, “ಬರ್ತೀನ್ರಿ ಆಯಿ” ಎಂದಳು — ಎಂದಿನ ಹಾಗೇ. ಮತ್ತೆ ಬರಲಿಲ್ಲ. ಆ ಕೆಲಸವನ್ನೂ ಬಿಟ್ಟಳೆಂದು ಆಮೇಲೆ ಕೇಳಿದೆ.

ಯಾಕೆ ಸುಮ್ಮನಿದ್ದೆ ನಾನು? ನಿನ್ನ ಕಣ್ಣಲ್ಲಿ ಏನೂ ತಿಳಿಯದ ಹಳ್ಳಿ ಮುದುಕಿಯಾಗುತ್ತೇನೆಂದು ಅಂಜಿದೆ. ಆಮೇಲೆ ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು… ಭಾನುವಾರ ರೊಟ್ಟಿ ಬಡಿಯುವಾಗ ಈಗಲೂ ಹಿಟ್ಟು ಹೆಚ್ಚೇ ನಾದುತ್ತೇನೆ. ಬಸ್ಸು ನಿಂತ ಸಪ್ಪಳವಾದರೆ ಹೊಸ್ತಿಲಿಗೆ ಬರುತ್ತೇನೆ. ನಿಮ್ಮಿಬ್ಬರ ನಗೆ ಮತ್ತೊಮ್ಮೆ ಈ ಅಡುಗೆಮನೆಯಲ್ಲಿ ಕೇಳಬೇಕೆಂಬ ಆಸೆ — ಅದನ್ನು ಆಸೆಪಡುವ ಹಕ್ಕೂ ನನಗಿಲ್ಲ.

ಇದು ತಿಳಿದ ಮೇಲೆ ನೀನು ಇನ್ನು ಫೋನ್ ಮಾಡದಿದ್ದರೆ ಅದೂ ಸರಿಯೇ. ನಾಳೆ ನಾನು ಮಚ್ಛೆಗೆ ಹೋಗುತ್ತೇನೆ. ಅವಳು ಸಿಗದಿದ್ದರೆ ಅವಳ ತಾಯಿಗೆ ಹೇಳುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ. ಕ್ಷಮಿಸೆಂದು ಕೇಳಲು ಅಲ್ಲ. ನಿಮ್ಮ ಮಗಳು ಸುಳ್ಳು ಹೇಳಿರಲಿಲ್ಲ ಎಂದು, ಅಕ್ಕಪಕ್ಕದವರಿಗೂ ಕೇಳಿಸುವಂತೆ ಹೇಳಲು.