ಮೊಳೆಯ ಪರೀಕ್ಷೆ

ಹರಿಹರದ ಸೇತುವೆಯ ಬಳಿ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ ಕಣ್ಣಾರೆ ಕಂಡದ್ದನ್ನೂ ನಂಬುತ್ತಿರಲಿಲ್ಲ. "ಕೆರೆದು ನೋಡಿದ್ರೇ ಗೊತ್ತಾಗೋದ್ರಿ" ಎನ್ನುತ್ತಿದ್ದರು.

ಅಪ್ಪನ ವ್ಯಾನಿನ ಚಕ್ರದ ಮೇಲಿನ ತಗಡು ಎರೆಮಣ್ಣು ಮೆತ್ತಿ ತುಕ್ಕು ಹಿಡಿದಿತ್ತು. ಅದು ತೂತಾಗಿ ಬಟ್ಟೆಯ ಮೂಟೆಗಳು ನೆನೆದರೆ ದಾವಣಗೆರೆಯ ಬಾಡಿಗೆ ಕೈತಪ್ಪುತ್ತಿತ್ತು. ಯಾವ ಲೇಪ ತಾಳುತ್ತದೆಂದು ತಿಳಿಯಲು ಮೆಕ್ಯಾನಿಕ್ ಹಳೇ ತುಕ್ಕು ಉಜ್ಜಿ ತೆಗೆದು, ವ್ಯಾನಿನ ಒಂದು ಬದಿಗೆ ಡಾಂಬರು, ಇನ್ನೊಂದಕ್ಕೆ ಕೆಂಪು ಸೀಸದ ಬಣ್ಣ ಬಳಿದರು. ಯಾವ ಬದಿಗೆ ಯಾವುದು ಎಂದು ಈಗ ಆಣೆ ಮಾಡಿ ಹೇಳಲಾರೆ. ಮಳೆಗಾಲವಿಡೀ ಪ್ರತಿ ಸೋಮವಾರ ವ್ಯಾನಿನಡಿ ನುಸುಳಿ ಎರಡನ್ನೂ ಮೊಳೆಯಿಂದ ಕೆರೆದು ನೋಡಿದರು.

ದಸರೆಯ ಹೊತ್ತಿಗೆ ತುಕ್ಕು ಬಂದಿದ್ದು ಅವರು ಕೆರೆದ ಗೆರೆಗಳಲ್ಲಿ ಮಾತ್ರ. ಬಹಳ ಹೊತ್ತು ನೋಡಿ, ಮೊಳೆಯನ್ನು ಕಿಸೆಗೆ ಹಾಕಿಕೊಂಡರು.

"ಈಗ ಯಾವ್ದು ಬಳಿಯೋಣ ಹೇಳ್ರಿ?" ಎಂದರು ಅಪ್ಪ.

"ಯಾವ್ದಾದ್ರೂ ಬಳೀರಿ. ನನಗ ಮಾತ್ರ ತೋರಿಸಬ್ಯಾಡ್ರಿ."